ಬಿರುಗಾಳಿಯೂ ಇಂಜಿನ್ನಿನ ಚಾಲಕನೂ

ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಅಪ್ಪಣೆ ಮಾಡಿದ್ದಾರೆ. ಈ ಸಂಸ್ಥೆಯಲ್ಲಿ ಓದಿದವರು ವೈದ್ಯರಾಗಿ, ಅಧ್ಯಾಪಕರಾಗಿ, ನ್ಯಾಯವಾದಿಗಳಾಗಿ ಹೆಸರು ಪಡೆದಿದ್ದಾರೆ. ನಾನಾದರೋ ಮಠದ ಪ್ರಸಾದ ನಿಲಯದ ಅನ್ನವನ್ನುಂಡು ಮೆಟ್ರಿಕ್ ಮುಗಿಸಿ, ಫೈರ್‌ಮನ್ ಆಗಿ ರೈಲ್ವೆಯನ್ನು ಸೇರಿ, ಡ್ರೈವರ್ ಆಗಿ ನಿವೃತ್ತನಾದವನು. ಪಾಂಡಿತ್ಯದ ವಿಷಯ ನನ್ನಲ್ಲಿಲ್ಲ. ಆದರೆ ಮಳೆಯನ್ನೂ ಬಿರುಗಾಳಿಯನ್ನೂ ಗಾಡಿಯ ತೀರ ಮುಂದಿನ ಸ್ಥಳದಲ್ಲಿ ಕುಳಿತು ನೋಡಿದ ಅನುಭವ ಮೂರು ದಶಕಗಳಿಗೂ ಮೀರಿದ್ದು. ಅದನ್ನೇ ಓದುಗರ ಮುಂದಿಡುತ್ತೇನೆ.

ಪ್ರಯಾಣಿಕನು ಕಿಟಕಿಯಿಂದ ಪಕ್ಕಕ್ಕೆ ನೋಡುತ್ತಾನೆ. ಅವನಿಗೆ ಮಳೆಯೆಂದರೆ ಸೊಗಸಾದ ದೃಶ್ಯ. ಚಾಲಕನು ಮುಂದಕ್ಕೆ ನೋಡಬೇಕಾದವನು. ಅವನಿಗೆ ಮಳೆಯೆಂದರೆ ಕಣ್ಣಿಗೆ ಕಟ್ಟಿದ ಪರದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುವ ಗಾಡಿಯನ್ನು ನಿಲ್ಲಿಸಲು ಮುಕ್ಕಾಲು ಕಿಲೋಮೀಟರಿನಿಂದ ಒಂದು ಕಿಲೋಮೀಟರಿನವರೆಗೆ ದೂರ ಬೇಕಾಗುತ್ತದೆ. ಜಡಿಮಳೆಯಲ್ಲಿ ದೀಪದ ಬೆಳಕು ತಲಪುವುದು ಅದರ ಒಂದು ಅಂಶದಷ್ಟು ದೂರಕ್ಕೆ ಮಾತ್ರ. ಅಂದಮೇಲೆ ಚಾಲಕನು ತಾನು ಕಂಡ ಹಳಿಯನ್ನು ನಂಬಿ ಓಡಿಸುವುದಿಲ್ಲ. ತಾನು ಕಾಣದ ಹಳಿಯನ್ನು ನಂಬಿ ಓಡಿಸುತ್ತಾನೆ. ಆ ನಂಬಿಕೆಗೆ ಆಧಾರವಾಗಿರುವವರು ಸ್ಟೇಷನ್ ಮಾಸ್ತರರು, ಮಳೆಯಲ್ಲಿ ಲಾಟೀನು ಹಿಡಿದು ಹಳಿಯ ಪಹರೆ ತಿರುಗುವ ಗ್ಯಾಂಗ್‌ಮನ್ನರು, ಕೀಮನ್ನರು, ಮತ್ತು ಚಾಲಕನ ಕೈಗೆ ಬರುವ ಕಾಷನ್ ಆರ್ಡರ್ ಎಂಬ ಒಂದು ತುಂಡು ಕಾಗದ.

ನಾನು ಸೇರಿದ ಕಾಲದ ಉಗಿ ಇಂಜಿನ್ನಿನ ಕ್ಯಾಬು ಮೂರು ಕಡೆ ತಗಡು, ಹಿಂದುಗಡೆ ಬಯಲು. ಎದುರಿಗೆ ಒಲೆಯ ಬೆಂಕಿ, ಬೆನ್ನಿಗೆ ಮಳೆಯ ಎರಚಲು. ಬಾಯ್ಲರು ನೋಟಕ್ಕೆ ಅಡ್ಡವಾಗಿದ್ದುದರಿಂದ ತಲೆಯನ್ನು ಹೊರಗೆ ಚಾಚಿಯೇ ಸಿಗ್ನಲ್ ನೋಡಬೇಕಾಗಿತ್ತು. ಮುಂದೆ ಡೀಸೆಲ್ ಇಂಜಿನ್ನುಗಳು ಬಂದಾಗ ನೆತ್ತಿಯ ಮೇಲೆ ಭದ್ರವಾದ ಸೂರು ದೊರೆಯಿತು. ಆದರೆ ಅವುಗಳಲ್ಲಿ ಬಹುಪಾಲಿಗೆ ಕ್ಯಾಬು ಒಂದೇ ತುದಿಯಲ್ಲಿ. ಇಂಜಿನ್ನನ್ನು ತಿರುಗಿಸಲು ಅನುಕೂಲವಿಲ್ಲದ ಕಡೆ ಉದ್ದನೆಯ ಮೂತಿಯನ್ನೇ ಮುಂದು ಮಾಡಿ ಓಡಿಸಬೇಕು. ಆಗ ಹಳಿಯ ಒಂದು ಪಕ್ಕ ಕಾಣುವುದೇ ಕಷ್ಟ. ಎರಡೂ ತುದಿಗಳಲ್ಲಿ ಕ್ಯಾಬು, ಅಗಲವಾದ ಗಾಜು, ಸರಿಯಾಗಿ ಒರೆಸುವ ವೈಪರ್, ಇವುಗಳನ್ನು ಹೊರಗಿನವರು ಸುಖಸಾಧನಗಳೆಂದು ಎಣಿಸಬಹುದು. ಮಳೆಗಾಲದಲ್ಲಿ ದುಡಿದವನು ಬ್ರೇಕಿನ ಸಾಲಿನಲ್ಲಿಯೇ ವೈಪರನ್ನೂ ಎಣಿಸುತ್ತಾನೆ.

ಬಿರುಗಾಳಿ ತರುವ ಅಪಾಯ ಒಂದೇ ಬಗೆಯದಲ್ಲ. ಗಾಳಿ ಮರವನ್ನು ಕೆಡಹುತ್ತದೆ; ಎತ್ತರದ ಸೇತುವೆಯ ಮೇಲೆ ಹಗುರವಾದ ಡಬ್ಬಿಗಳನ್ನು ಮಗುಚಲೂಬಲ್ಲದು. ಗುಡ್ಡದಿಂದ ಬಂಡೆ ಉರುಳುತ್ತದೆ. ಎಲ್ಲಕ್ಕಿಂತ ವಂಚಕವಾದುದು ನೀರು: ಅದು ಹಳಿಯ ಕೆಳಗಿನ ಜಲ್ಲಿಯನ್ನೂ ಮಣ್ಣನ್ನೂ ಸದ್ದಿಲ್ಲದೆ ಕೊಚ್ಚಿಕೊಂಡು ಹೋಗುತ್ತದೆ, ಹಳಿಗಳು ಮಾತ್ರ ತೂಗುಸೇತುವೆಯಂತೆ ನೇತಾಡುತ್ತ ದೂರದಿಂದ ನೆಟ್ಟಗೇ ಕಾಣುತ್ತವೆ. ಸಿಡಿಲಿನ ಮಟ್ಟಿಗೆ ಉಕ್ಕಿನ ಕ್ಯಾಬು ಒಳ್ಳೆಯ ಆಸರೆ. ವಿದ್ಯುತ್ತು ಹೊರಮೈಯ ಮೂಲಕವೇ ನೆಲಕ್ಕೆ ಇಳಿದುಹೋಗುತ್ತದೆ. ವಿದ್ಯುದೀಕರಣವಾದ ಮಾರ್ಗದಲ್ಲಿ ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟು ಹರಿಯುತ್ತಿರುತ್ತದೆ. ಮರ ಬಿದ್ದು ಆ ತಂತಿ ಹರಿದಾಗ ಅದು ಸತ್ತಿದೆಯೆಂದು ಎಣಿಸಿ ಕೆಳಗಿಳಿಯುವುದು ಪ್ರಾಣಾಂತಿಕ.

ಆದರೆ ಕ್ಯಾಬಿನ ಆಸರೆಯನ್ನು ಬಿಟ್ಟು ಇಳಿಯಲೇಬೇಕಾದ ಸಂದರ್ಭಗಳೂ ಉಂಟು. ಗಾಡಿ ಹಳಿ ತಪ್ಪಿ ಪಕ್ಕದ ಮಾರ್ಗಕ್ಕೆ ಅಡ್ಡವಾದರೆ, ಎದುರು ಬರುವ ಗಾಡಿಯನ್ನು ತಡೆಯಬೇಕಾದದ್ದು ಮೊದಲ ಧರ್ಮ. ಇಂಜಿನ್ನಿನ ಫ್ಲ್ಯಾಷರ್ ದೀಪವನ್ನು ಹಾಕಿ, 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಮೂರು ಸಿಡಿಮದ್ದಿನ ಸಿಗ್ನಲುಗಳನ್ನು ಹಳಿಯ ಮೇಲಿಡಬೇಕೆಂಬುದು ಬ್ರಾಡ್‌ಗೇಜಿನ ನಿಯಮ. ಕಗ್ಗತ್ತಲೆಯಲ್ಲಿ, ಸುರಿಯುವ ಮಳೆಯಲ್ಲಿ, ಆ 1200 ಮೀಟರನ್ನು ಓಡುವವನೂ ಒಬ್ಬ ಮನುಷ್ಯನೇ.

ನಮ್ಮ ದೇಶದ ಅನುಭವವನ್ನೇ ನೋಡೋಣ. 1964ರ ಡಿಸೆಂಬರ್ 22ರ ರಾತ್ರಿ ಪಾಂಬನ್ನಿನಿಂದ ಧನುಷ್ಕೋಡಿಗೆ ಹೊರಟಿದ್ದ ಪ್ಯಾಸೆಂಜರ್ ಗಾಡಿಯನ್ನು ಚಂಡಮಾರುತದ ಅಲೆಗಳು ಊರಿನ ಸಮೀಪದಲ್ಲಿಯೇ ನುಂಗಿದವು. ನೂರಕ್ಕೂ ಮಿಕ್ಕ ಜನ ಚಾಲಕನೊಡನೆ ಸಮುದ್ರದ ಪಾಲಾದರು. ಮುಂದೆ ಆ ಹಳೆಯ ಪಾಂಬನ್ ಸೇತುವೆಯಲ್ಲಿ ಗಾಳಿಯ ವೇಗವನ್ನು ಅಳೆಯುವ ಯಂತ್ರವಿಟ್ಟು, ಅದು ಗಂಟೆಗೆ 58 ಕಿಲೋಮೀಟರ್ ಮೀರಿದರೆ ಗಾಡಿಗಳನ್ನು ತಡೆಯುವ ಕ್ರಮ ಜಾರಿಗೆ ಬಂದಿತು. ಗಾಳಿ ಎಷ್ಟಾದರೆ ಅಪಾಯ ಎಂಬ ನಿರ್ಣಯವನ್ನು ಚಾಲಕನ ಧೈರ್ಯಕ್ಕೆ ಬಿಡದೆ ಯಂತ್ರಕ್ಕೆ ಒಪ್ಪಿಸಿದುದು ವಿವೇಕದ ಕೆಲಸ.

ನಮ್ಮ ಕರಾವಳಿಯವರಿಗೆ ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ಣವಾಗಿ ದೊರೆತ ವರ. ಆದರೆ ಕಡಿದ ಗುಡ್ಡಗಳ ನಡುವೆ ಸಾಗುವ ಮಾರ್ಗವದು. 2003ರ ಜೂನ್ 22ರಂದು ಕಾರವಾರದಿಂದ ಮುಂಬಯಿಗೆ ಹೊರಟ ವಿಶೇಷ ಗಾಡಿ ವೈಭವವಾಡಿಯ ಬಳಿ ಉರುಳಿಬಿದ್ದ ಬಂಡೆಗಳಿಗೆ ಬಡಿದು, ಐವತ್ತಕ್ಕೂ ಹೆಚ್ಚು ಜನ ಮಡಿದರು. ಮರು ವರ್ಷ, 2004ರ ಜೂನ್ 16ರಂದು, ಮಂಗಳೂರಿನಿಂದ ಮುಂಬಯಿಗೆ ಹೋಗುತ್ತಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಂಜಾಡಿಯ ಬಳಿ ಬಂಡೆಗಳಿಗೆ ಸಿಕ್ಕಿ ಸೇತುವೆಯಿಂದ ಕೆಳಕ್ಕೆ ಬಿತ್ತು. ಆಗಲೂ ಪ್ರಾಣಗಳು ಹೋದವು. ಈಗ ಆ ಮಾರ್ಗದಲ್ಲಿ ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿಯಿದೆ; ಬಂಡೆಗಳನ್ನು ತಡೆಯಲು ಉಕ್ಕಿನ ಬಲೆಗಳಿವೆ; ಭಾರಿ ಮಳೆಯಲ್ಲಿ ಮುಂದಿನ ನೋಟ ಮಸುಕಾದರೆ ವೇಗವನ್ನು 40 ಕಿಲೋಮೀಟರಿಗೆ ಇಳಿಸಬೇಕೆಂಬ ಆದೇಶವಿದೆ. ನಮ್ಮ ಹೊನ್ನಾವರದ ಶರಾವತಿ ಸೇತುವೆಯೂ ಸೇರಿದಂತೆ ನಾಲ್ಕು ಕಡೆ ಗಾಳಿಮಾಪಕಗಳನ್ನು ಇರಿಸಿದ್ದಾರೆ. ಗಾಡಿ ತಡವಾಯಿತೆಂದು ಗೊಣಗುವವರು ಈ ಎರಡು ಜೂನ್ ತಿಂಗಳುಗಳನ್ನು ನೆನೆಯಬೇಕು.

ಇದು ನಮ್ಮ ದೇಶಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ರೈಲ್ವೆಯ ತವರೆನಿಸಿದ ಬ್ರಿಟನ್ನಿನಲ್ಲಿಯೇ, ಸ್ಕಾಟ್ಲೆಂಡಿನ ಕಾರ್ಮಂಟ್ ಎಂಬಲ್ಲಿ, 2020ರ ಆಗಸ್ಟ್ 12ರ ಬೆಳಿಗ್ಗೆ ನಡೆದುದನ್ನು ಪ್ರತಿಯೊಬ್ಬ ಚಾಲಕನೂ ತಿಳಿದಿರಬೇಕು. ಅಬರ್ಡೀನಿನಿಂದ ಗ್ಲಾಸ್ಗೋಗೆ ಹೊರಟ ಗಾಡಿಯನ್ನು ಮುಂದೆ ಗುಡ್ಡ ಕುಸಿದಿದೆಯೆಂದು ತಡೆದು, ಎರಡು ಗಂಟೆಗಳಿಗೂ ಹೆಚ್ಚು ಕಾಲ ನಿಲ್ಲಿಸಿ, ಬಂದ ದಿಕ್ಕಿಗೇ ಹಿಂದಿರುಗಲು ಹೇಳಿದರು. ಅಷ್ಟರಲ್ಲಿ ಆ ಪ್ರದೇಶದಲ್ಲಿ ಸುಮಾರು ಮೂರು ಗಂಟೆಗಳಲ್ಲಿ 51.5 ಮಿಲಿಮೀಟರ್ ಮಳೆ ಸುರಿದಿತ್ತು. ನಮ್ಮ ಆಗುಂಬೆಯವರು ಇದನ್ನು ಕೇಳಿ ನಕ್ಕಾರು. ಆದರೆ ಅಲ್ಲಿಗೆ ಅದು ಇಡೀ ಆಗಸ್ಟ್ ತಿಂಗಳ ಮಳೆಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು. ವೇಗದ ಮಿತಿಯೇನಾದರೂ ಇದೆಯೇ ಎಂದು ಚಾಲಕನು ವಿಚಾರಿಸಿದನು. ಎಲ್ಲವೂ ಸರಿಯಾಗಿದೆಯೆಂಬ ಉತ್ತರ ಬಂದಿತು. ಬೆಳಿಗ್ಗೆ ಗಾಡಿ ಕ್ಷೇಮವಾಗಿ ದಾಟಿದ್ದ ಆ ಸ್ಥಳದಲ್ಲಿಯೇ, ಇಳಿಜಾರಿನ ಒಂದು ಚರಂಡಿಯ ಕಲ್ಲುಗಳು ಕೊಚ್ಚಿಬಂದು ಹಳಿಯ ಮೇಲೆ ಹರಡಿದ್ದವು. ಗಂಟೆಗೆ ಸುಮಾರು 117 ಕಿಲೋಮೀಟರ್ ವೇಗದಲ್ಲಿದ್ದ ಗಾಡಿ ಅವುಗಳ ಮೇಲೇರಿ ಹಳಿ ತಪ್ಪಿತು. ಒಳಗಿದ್ದವರು ಒಂಬತ್ತು ಜನ. ಚಾಲಕ, ಕಂಡಕ್ಟರ್ ಮತ್ತು ಒಬ್ಬ ಪ್ರಯಾಣಿಕ ತೀರಿಕೊಂಡರು.

ತನಿಖಾಧಿಕಾರಿಗಳ ವರದಿ 2022ರಲ್ಲಿ ಹೊರಬಂದಿತು. ಆ ಚರಂಡಿಯನ್ನು ನಕ್ಷೆಯಲ್ಲಿದ್ದಂತೆ ಕಟ್ಟಿರಲಿಲ್ಲ. ಗಾಡಿ 1970ರ ದಶಕದ ವಿನ್ಯಾಸದ್ದು, ಅದರ ಕ್ಯಾಬು ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ಕಿನದು. ಅಪಘಾತದಲ್ಲಿ ಅದು ಕಳಚಿಹೋಗಿತ್ತು. ಇಂದಿನ ಸುರಕ್ಷತಾ ಮಾನಕಗಳಿಗೆ ತಕ್ಕ ಗಾಡಿಯಾಗಿದ್ದರೆ ಹಾನಿ ಕಡಮೆಯಾಗುವ ಸಂಭವವೇ ಹೆಚ್ಚೆಂದು ವರದಿ ಹೇಳಿತು. ಹಳಿಯ ಹೊಣೆ ಹೊತ್ತ ಸಂಸ್ಥೆ 2023ರಲ್ಲಿ ನ್ಯಾಯಾಲಯದ ಮುಂದೆ ತಪ್ಪನ್ನೊಪ್ಪಿ 67 ಲಕ್ಷ ಪೌಂಡು ದಂಡ ತೆರಬೇಕಾಯಿತು.

ಈ ಪ್ರಸಂಗವನ್ನು ಓದಿದಾಗ ನನ್ನ ಮನಸ್ಸನ್ನು ಕಲಕಿದ್ದು ಚಾಲಕನ ಆ ಪ್ರಶ್ನೆ. ಅವನು ಕೇಳಬೇಕಾದುದನ್ನು ಕೇಳಿದ್ದನು. ತಿಳಿವಳಿಕೆ ಇರಬೇಕಾದ ಕಡೆ ಇರಲಿಲ್ಲ. ಆದುದರಿಂದ ಬಿರುಗಾಳಿಯ ರಕ್ಷಣೆಯೆಂಬುದು ಎರಡು ಕಾಲುಗಳ ಮೇಲೆ ನಿಂತಿದೆ. ಮೊದಲನೆಯದು, ಸುದ್ದಿ: ಎಲ್ಲಿ ಎಷ್ಟು ಮಳೆ ಬಿತ್ತು, ಎಲ್ಲಿ ನೀರು ಏರಿತು ಎಂಬುದು ಚಾಲಕನಿಗೆ ಸಕಾಲದಲ್ಲಿ ತಲಪಬೇಕು. ಎರಡನೆಯದು, ಸುದ್ದಿ ತಪ್ಪಿದಾಗಲೂ ಅವನನ್ನು ಕಾಪಾಡುವ ಗಟ್ಟಿಯಾದ ಕ್ಯಾಬು. ಒಂದನ್ನು ಕೊಟ್ಟು ಇನ್ನೊಂದನ್ನು ಮರೆತರೆ ಆ ರಕ್ಷಣೆ ಕುಂಟುತ್ತದೆ.

ಇವೆರಡರ ಜೊತೆಗೆ ಮೂರನೆಯದೊಂದಿದೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಎಂಬತ್ತರ ದಶಕದ ಒಂದು ಆಷಾಢದ ರಾತ್ರಿ ಘಟ್ಟದ ಮಾರ್ಗದಲ್ಲಿ ನಾನು ಸಹಾಯಕನಾಗಿದ್ದೆ. ಹಿರಿಯ ಡ್ರೈವರ್ ಸಾಹೇಬರು ಒಂದು ಕಡಿತದ ಬಳಿ ಇದ್ದಕ್ಕಿದ್ದಂತೆ ಗಾಡಿಯನ್ನು ನಿಲ್ಲಿಸಿದರು. ಪ್ರತಿದಿನ ತಿಳಿಯಾಗಿ ಇಳಿಯುತ್ತಿದ್ದ ಝರಿಯ ನೀರು ಅಂದು ದೀಪದ ಬೆಳಕಿನಲ್ಲಿ ಕೆಂಪಗೆ ಕಂಡಿತ್ತು. ಮಣ್ಣು ಒಳಗಿನಿಂದ ಕರಗುತ್ತಿದೆಯೆಂಬುದಕ್ಕೆ ಅದು ಸೂಚನೆ. ನಾನೂ ಗಾರ್ಡರೂ ಲಾಟೀನು ಹಿಡಿದು ಮುಂದೆ ನಡೆದು ನೋಡಿ ಬಂದೆವು. ಹಳಿ ನೆಟ್ಟಗಿತ್ತು, ಜಲ್ಲಿ ಇದ್ದಲ್ಲಿಯೇ ಇತ್ತು. ಗಾಡಿ ಮುಕ್ಕಾಲು ಗಂಟೆ ತಡವಾಯಿತು. ತಡಕ್ಕೆ ಕಾರಣವೇನೆಂದು ಕೇಳುವ ಕಾಗದ ಪದ್ಧತಿಯಂತೆ ಬಂದಿತು. ಅವರು ಬರೆದ ಉತ್ತರ ಒಂದೇ ಸಾಲು: ನೀರಿನ ಬಣ್ಣ ಬದಲಾಗಿತ್ತು, ನಿಲ್ಲಿಸಿದೆ.

"ಸಾಹೇಬರ, ಏನೂ ಬಿದ್ದಿರಲಿಲ್ಲಲ್ಲರೀ?" ಎಂದು ನಾನು ಕೇಳಿದೆ.

"ತಮ್ಮಾ, ಬಿದ್ದಿಲ್ಲ ಅನ್ನೂದು ನಿಂತ ಮ್ಯಾಲೆ ಗೊತ್ತಾತು" ಎಂದರು.

ಆ ಗುಡ್ಡ ಅಂದು ಕುಸಿಯಲಿಲ್ಲ. ಆ ಮಳೆಗಾಲ ಕಳೆದರೂ ಕುಸಿಯಲಿಲ್ಲ. ಆದರೂ ಅವರು ನಿಲ್ಲಿಸಿದ್ದು ಸರಿಯೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಅಪಘಾತವಾದರೆ ಅದಕ್ಕೆ ದಿನಾಂಕವಿರುತ್ತದೆ, ವರದಿಯಿರುತ್ತದೆ, ಸ್ಮಾರಕವಿರುತ್ತದೆ. ತಪ್ಪಿಹೋದ ಅಪಘಾತಕ್ಕೆ ತಡದ ಲೆಕ್ಕದ ಹೊರತು ಬೇರೆ ದಾಖಲೆಯೇ ಇಲ್ಲ. ಆ ಲೆಕ್ಕಕ್ಕೆ ಅಂಜದೆ ನಿಲ್ಲಿಸುವ ಸ್ವಾತಂತ್ರ್ಯವೇ ನಾನು ಹೇಳಿದ ಮೂರನೆಯ ರಕ್ಷಣೆ. ಅದನ್ನು ಚಾಲಕನಿಗೆ ಕೊಡಬೇಕಾದವರು ಮೇಲಧಿಕಾರಿಗಳು ಮಾತ್ರವಲ್ಲ, ಪ್ರಯಾಣಿಕರೂ ಹೌದು.

ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಸಾಹಸವೆಂದರೆ ಮುನ್ನುಗ್ಗುವುದೆಂದು ಮಕ್ಕಳಿಗೆ ಪಾಠ ಹೇಳುವುದು ವಾಡಿಕೆ. ತಕ್ಕ ವೇಳೆಯಲ್ಲಿ ನಿಲ್ಲುವುದೂ ಸಾಹಸವೇ ಎಂಬುದನ್ನು ಅದರೊಡನೆ ಸೇರಿಸಿ ಹೇಳಿರಿ. ಹಳಿಯ ಹತ್ತಿರದ ಊರುಗಳಿಂದ ಬರುವ ಮಕ್ಕಳಿಗೆ, ಮಳೆಯಲ್ಲಿ ಮರ ಬಿದ್ದುದನ್ನೋ ಮಣ್ಣು ಜರಿದುದನ್ನೋ ಕಂಡರೆ ತಾವು ಹಳಿಗೆ ಇಳಿಯದೆ ಹತ್ತಿರದ ಗೇಟಿಗೋ ಸ್ಟೇಷನ್ನಿಗೋ ಓಡಿ ತಿಳಿಸಬೇಕೆಂದು ಕಲಿಸಿರಿ. ಹಾಗೆ ಓಡಿದ ಒಬ್ಬ ಹುಡುಗನು ಆ ರಾತ್ರಿ ಯಾರ ಮನೆಯ ದೀಪವನ್ನು ಉಳಿಸಿದನೆಂಬುದು ಅವನಿಗೂ ತಿಳಿಯದು, ಆ ಮನೆಯವರಿಗೂ ತಿಳಿಯದು. ತಿಳಿಯದಿದ್ದರೇನು, ದೀಪ ಉರಿಯುತ್ತಿದ್ದರೆ ಸಾಕು.