ಸ್ಪ್ಯಾನಿಷ್ಷೋ ಫ್ರೆಂಚೋ

ಎಂಟನೇ ತರಗತಿ ಮುಗಿಯುವ ಮುಂಚೆಯೇ ಇಲ್ಲಿನ ಶಾಲೆಯಿಂದ ಒಂದು ಫಾರ್ಮ್ ಬರುತ್ತದೆ. ಮುಂದಿನ ವರ್ಷ ಹೈಸ್ಕೂಲಿನಲ್ಲಿ ಏನೇನು ಓದುತ್ತೀರಿ ಎಂದು ಗುರುತು ಹಾಕಿ ಕಳಿಸಬೇಕು. ಗಣಿತ, ವಿಜ್ಞಾನ, ಇಂಗ್ಲಿಷಿನ ಬಗ್ಗೆ ಹೆಚ್ಚು ಯೋಚಿಸುವಂಥದ್ದು ಇರುವುದಿಲ್ಲ, ಅದೆಲ್ಲ ಆಗಲೇ ತೀರ್ಮಾನವಾಗಿರುತ್ತದೆ. ಭಾಷೆಯ ಸಾಲಿನಲ್ಲಿ ಮಾತ್ರ ಎರಡು ಖಾಲಿ ಚೌಕಗಳು: ಸ್ಪ್ಯಾನಿಷ್, ಫ್ರೆಂಚ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕಾದರೆ ಇಂಗ್ಲಿಷಲ್ಲದ ಒಂದು ಭಾಷೆಯನ್ನು ಕನಿಷ್ಠ 2 ವರ್ಷ ಓದಿರಬೇಕು, 3 ವರ್ಷವಾದರೆ ಇನ್ನೂ ಒಳ್ಳೆಯದು. ಹಾಗಾಗಿ ಎರಡೂ ಬೇಡ ಅನ್ನುವ ಹಾಗಿಲ್ಲ. ಸ್ಯಾನ್ ಹೋಸೆಯ ನಮ್ಮ ಮನೆಯ ಫ್ರಿಜ್ಜಿನ ಮೇಲೆ ಆ ಫಾರ್ಮ್ ಹತ್ತು ದಿನ ಅಂಟಿಕೊಂಡಿತ್ತು.

ಅಷ್ಟರಲ್ಲಿ ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಶುರುವಾಗಿತ್ತು. ಸ್ಪ್ಯಾನಿಷ್ ಸುಲಭ, ಎ ಗ್ರೇಡ್ ಗ್ಯಾರಂಟಿ ಎಂದು ಒಬ್ಬರು. ಎಲ್ಲರೂ ಅದನ್ನೇ ತಗೊಳ್ತಾರೆ, ಫ್ರೆಂಚ್ ತಗೊಂಡರೆ ಅರ್ಜಿಯಲ್ಲಿ ಬೇರೆಯಾಗಿ ಕಾಣುತ್ತದೆ ಎಂದು ಇನ್ನೊಬ್ಬರು. ಚೆನ್ನಾಗಿ ಓದುವ ಮಕ್ಕಳೆಲ್ಲ ಫ್ರೆಂಚಿಗೇ ಹೋಗೋದು ಎಂದು ಮೂರನೆಯವರು ಬರೆದಾಗ ಗುಂಪು ಸ್ವಲ್ಪ ಹೊತ್ತು ಸುಮ್ಮನಾಯಿತು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಸ್ಪ್ಯಾನಿಷ್ ಎಂದರೆ ಹುಲ್ಲು ಕತ್ತರಿಸುವವರ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರ, ಮನೆ ಗುಡಿಸಲು ಬರುವವರ ಭಾಷೆ ಎಂದು ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ.

ನಮ್ಮ ಕಾಲದಲ್ಲಿ ಇದು ಸಂಸ್ಕೃತದ ಹೆಸರಿನಲ್ಲಿ ನಡೆಯುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಸಂಸ್ಕೃತ ತಗೊಂಡರೆ ನೂರಿಪ್ಪತ್ತರ ಮೇಲೆ ಬರುತ್ತದೆ, ಕನ್ನಡದಲ್ಲಿ ಪ್ರಬಂಧ ಬರೆದು ಬರೆದು ಕೈ ನೋಯುತ್ತದೆ, ಅಂಕ ಬರುವುದಿಲ್ಲ ಎನ್ನುವುದು ಊರಿನ ಜ್ಞಾನ. 1981ರ ಗೋಕಾಕ್ ವರದಿ, ಆಮೇಲಿನ ಚಳವಳಿ, ರಾಜಕುಮಾರ್ ಬೀದಿಗಿಳಿದಿದ್ದು, ಇದಕ್ಕೆಲ್ಲ ಮೂಲ ಇದೇ ಪ್ರಥಮ ಭಾಷೆಯ ಚೌಕ. ಪಾಂಡವಪುರದ ನಮ್ಮ ಶಾಲೆಯಲ್ಲಿ ಸಂಸ್ಕೃತದ ಮೇಷ್ಟ್ರೇ ಇರಲಿಲ್ಲವಾದ್ದರಿಂದ ನಾನು ಕನ್ನಡ ಓದಿದೆ. ಆಮೇಲೆ ಬೆಂಗಳೂರಿನ ಕಾಲೇಜಿನಲ್ಲಿ ನೋಡಿದರೆ ಪಕ್ಕದವಳು ಪಿಯುಸಿಗೆ ಫ್ರೆಂಚ್ ತಗೊಂಡಿದ್ದಳು, ಅದೂ ಅಂಕಕ್ಕೇ.

ನನ್ನ ವೋಟು ಸ್ಪ್ಯಾನಿಷ್‌ಗೆ. ಕಾರಣಗಳನ್ನು ಮಗಳ ಮುಂದೆ ಒಂದೊಂದಾಗಿ ಇಟ್ಟೆ. ನಾವಿರುವ ಊರೇ 1777ರಲ್ಲಿ ಸ್ಪೇನಿನವರು ಕಟ್ಟಿದ್ದು. ಮಿಲ್ಪಿಟಾಸ್ ಅಂದರೆ ಪುಟ್ಟ ಜೋಳದ ಹೊಲಗಳು, ಲಾಸ್ ಗಾಟೋಸ್ ಅಂದರೆ ಬೆಕ್ಕುಗಳು, ಪಾಲೋ ಆಲ್ಟೋ ಅಂದರೆ ಎತ್ತರದ ಮರ. ದಿನಾ ಕಾರಿನಲ್ಲಿ ಈ ಹೆಸರುಗಳ ನಡುವೆ ಓಡಾಡುತ್ತೇವೆ, ಅರ್ಥ ಕೇಳುವುದಿಲ್ಲ. 1849ರಲ್ಲಿ ಈ ರಾಜ್ಯದ ಮೊದಲ ಸಂವಿಧಾನ ಬರೆದಾಗ ಕಾನೂನುಗಳನ್ನೆಲ್ಲ ಸ್ಪ್ಯಾನಿಷಿನಲ್ಲೂ ಪ್ರಕಟಿಸಬೇಕು ಎಂದಿತ್ತು. 1879ರಲ್ಲಿ ಅದನ್ನು ತೆಗೆದುಹಾಕಿದರು. 1998ರಲ್ಲಿ ಶಾಲೆಗಳಲ್ಲಿ ದ್ವಿಭಾಷಾ ಪಾಠಕ್ಕೆ ಕಡಿವಾಣ ಹಾಕಲು ಜನ ಮತ ಹಾಕಿದರು, 2016ರಲ್ಲಿ ಅವರೇ ಮತ್ತೆ ಅದನ್ನು ಸಡಿಲಿಸಿದರು. ಇಷ್ಟೆಲ್ಲ ಆದಮೇಲೂ ಇಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುತ್ತಾರೆ.

ಇದು ಮೆದುಳಿಗೆ ಹೇಳುವ ಕಾರಣವಾಯಿತು. ನನಗೆ ಆ ಭಾಷೆ ಹಿಡಿಸಿದ್ದು ಬೇರೆ ಕಾರಣಕ್ಕೆ. ಫೋನಿನಲ್ಲಿ ಒಂದು ವರ್ಷ ಅದನ್ನು ಕಲಿತಿದ್ದೆ. ಅದರ ತ, ದ ನಮ್ಮ ತ, ದಗಳ ಹಾಗೆ ಹಲ್ಲಿಗೆ ತಾಗುತ್ತವೆ, ಇಂಗ್ಲಿಷಿನ ಹಾಗೆ ಉಸಿರು ಉಗುಳಬೇಕಿಲ್ಲ. ‘ಆಬ್ಲೊ’ ಅಂದರೆ ಸಾಕು, ‘ಮಾತಾಡ್ತೀನಿ’. ನಾನು ಎನ್ನುವುದು ಕ್ರಿಯಾಪದದ ಬಾಲದಲ್ಲೇ ಕೂತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ‘ಮೆ ಗುಸ್ತಾ ಎಲ್ ಅರ್ರೋಸ್’. ನನಗೆ ಅನ್ನ ಇಷ್ಟ. ‘ನಾನು ಅನ್ನವನ್ನು ಇಷ್ಟಪಡುತ್ತೇನೆ’ ಎಂಬ ಪಠ್ಯಪುಸ್ತಕದ ವಾಕ್ಯವಲ್ಲ, ಅಡುಗೆಮನೆಯಲ್ಲಿ ಆಡುವ ಮಾತು. ಹಾಗೇ ‘ಮೆ ದ್ವೇಲೆ ಲಾ ಕಬೇಸಾ’, ನನಗೆ ತಲೆ ನೋಯ್ತಿದೆ. ಎರಡು ವಾರಕ್ಕೊಮ್ಮೆ ಮನೆ ಒರೆಸಲು ಬರುವ ಮೆಕ್ಸಿಕೋದ ಹೆಂಗಸು ಒಂದು ದಿನ ಬೆನ್ನು ಹಿಡಿದುಕೊಂಡು ‘ಮೆ ದ್ವೇಲೆ’ ಎಂದಾಗ ನನಗೆ ಅನುವಾದ ಬೇಕಾಗಲಿಲ್ಲ. ಶುಂಠಿ ಕಷಾಯ ಮಾಡಿಕೊಟ್ಟೆ. ಅದು ಆಕೆಗೆ ಸ್ವಲ್ಪವೂ ಇಷ್ಟವಾಗಲಿಲ್ಲ, ಆ ಮಾತು ಬೇರೆ.

ಇಷ್ಟನ್ನೂ ಕೇಳಿಸಿಕೊಂಡ ಮೇಲೆ ಮಗಳು, “ನಾನು ಫ್ರೆಂಚ್ ತಗೋತೀನಿ” ಅಂದಳು.

ಗೆಳತಿಯರು ತಗೊಂಡಿದ್ದಾರೆ ಅಂತ ಇರಬೇಕು ಅಂದುಕೊಂಡು ಕೇಳಿದೆ. ಅದಲ್ಲವಂತೆ. “ಸ್ಪ್ಯಾನಿಷ್ ಕ್ಲಾಸಲ್ಲಿ ಮನೇಲಿ ಸ್ಪ್ಯಾನಿಷ್ ಮಾತಾಡೋರು ಇರ್ತಾರೆ ಅಮ್ಮ. ನಾನು ಬಾಯಿ ಬಿಟ್ರೆ ನಗ್ತಾರೆ. ಭಾನುವಾರ ಆಗೋ ಹಾಗೇ ಆಗತ್ತೆ.”

ಭಾನುವಾರ ಅಂದರೆ ಕನ್ನಡ ಶಾಲೆ. ಆರು ವರ್ಷದಿಂದ ಹೋಗುತ್ತಿದ್ದಾಳೆ. ಒತ್ತಕ್ಷರ ಚೆನ್ನಾಗಿ ಬರೆಯುತ್ತಾಳೆ, ಓದುತ್ತಾಳೆ. ಮಾತಾಡುವಾಗ ಮಾತ್ರ ಅವಳ ಳಕಾರ ಲಕಾರವಾಗುತ್ತದೆ, ಟ ಮತ್ತು ತ ಎರಡೂ ಸೇರಿ ಮೂರನೆಯದೇನೋ ಆಗುತ್ತದೆ. ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಹೊಸದಾಗಿ ಬಂದ ಇಬ್ಬರು ಮಕ್ಕಳು ಆ ತರಗತಿಗೆ ಸೇರಿದರು. ಅವಳು ಒಂದು ದಿನ ‘ಹಾಲು’ ಅನ್ನುವ ಕಡೆ ‘ಹಾಳು’ ಅಂದಳಂತೆ. ನಕ್ಕರಂತೆ. ಮಕ್ಕಳು, ನಗುತ್ತಾರೆ. ಅವಳು ಮನೆಗೆ ಬಂದು ಹೇಳಿರಲಿಲ್ಲ. ಆಮೇಲಿಂದ ಅಲ್ಲಿ ಕೇಳಿದ್ದಕ್ಕೆ ಉತ್ತರ ಬರೆದು ತೋರಿಸುತ್ತಾಳೆ, ಮಾತಾಡುವುದಿಲ್ಲ ಎಂದು ನನಗೆ ಗೊತ್ತಾಗಿದ್ದೇ ಈ ಫಾರ್ಮಿನ ದೆಸೆಯಿಂದ.

“ಫ್ರೆಂಚ್ ಆದ್ರೆ ಯಾರಿಗೂ ಬರಲ್ಲ. ಎಲ್ಲರೂ ಝೀರೋ” ಅಂದಳು.

ಇದಕ್ಕೆ ಎದುರಾಡಲು ನನ್ನಲ್ಲಿ ಏನೂ ಇರಲಿಲ್ಲ. ತನ್ನದು ಅಂತ ಹೇಳಿಕೊಟ್ಟ ಭಾಷೆಯಲ್ಲಿ ಹಿಂದೆ ಬೀಳುವುದು ಬೇರೆಯವರ ಭಾಷೆಯಲ್ಲಿ ಹಿಂದೆ ಬಿದ್ದ ಹಾಗಲ್ಲ. ಇಲ್ಲಿನ ಮೆಕ್ಸಿಕನ್ ಮನೆಗಳ ಮಕ್ಕಳಿಗೂ ಇದೇ ಫಜೀತಿ ಇದೆ. ಅಜ್ಜಿಯ ಜೊತೆ ಸರಾಗವಾಗಿ ಮಾತಾಡುವ ಹುಡುಗ ತರಗತಿಯಲ್ಲಿ ಕಾಗುಣಿತ ತಪ್ಪಿ ಕಡಿಮೆ ಅಂಕ ತೆಗೆಯುತ್ತಾನೆ. ಅದಕ್ಕೇ ಎಷ್ಟೋ ಹೈಸ್ಕೂಲುಗಳು ಅವರಿಗೆ ಬೇರೆ ತರಗತಿ ನಡೆಸುತ್ತವೆ. ನಗುವವರೂ ಎಲ್ಲೋ ಒಂದು ಕಡೆ ನಗಿಸಿಕೊಳ್ಳುವವರೇ. ಇದನ್ನು ಹದಿಮೂರರ ಹುಡುಗಿಗೆ ಹೇಳಿ ಪ್ರಯೋಜನವಿಲ್ಲ. ಫ್ರೆಂಚಿನ ಚೌಕಕ್ಕೆ ಅವಳೇ ಗುರುತು ಹಾಕಿದಳು, ಕೆಳಗೆ ನಾನು ಸಹಿ ಹಾಕಿದೆ.

ಸುದ್ದಿ ಕೇಳಿ ಸಂತೋಷಪಟ್ಟವರು ಪಾಂಡವಪುರದಲ್ಲಿರುವ ನಮ್ಮಪ್ಪ. ಲೆಕ್ಕದ ಮೇಷ್ಟ್ರಾಗಿದ್ದವರು. “ಸರಿಯಾಗಿದೆ ಕಣಮ್ಮ, ನಮ್ಮೂರಿಗೂ ಅವರಿಗೂ ಹಳೇ ನಂಟು” ಅಂದರು ವಿಡಿಯೋದಲ್ಲಿ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಬಂಡೆಗಳಿಂದಾಗಿ ನಮ್ಮೂರಿಗೆ ಫ್ರೆಂಚ್ ರಾಕ್ಸ್ ಎಂದೇ ಹೆಸರಿತ್ತು. ಅಪ್ಪನ ಬಾಲ್ಯದಲ್ಲಿ ಹಿರಿಯರು ಹಿರೋಡೆ ಅಂತಲೂ ಫ್ರೆಂಚ್ ರಾಕ್ಸ್ ಅಂತಲೂ ಎರಡೂ ಹೇಳುತ್ತಿದ್ದರಂತೆ. ಟಿಪ್ಪು ಹದಿನಾರನೇ ಲೂಯಿಯ ಹತ್ತಿರ ರಾಯಭಾರಿಗಳನ್ನು ಕಳಿಸಿದ್ದನ್ನೂ, ಅವರು 1788ರಲ್ಲಿ ಪ್ಯಾರಿಸ್ ಮುಟ್ಟಿದ್ದನ್ನೂ ಅಪ್ಪ ಅವಳಿಗೆ ಕನ್ನಡದಲ್ಲೇ ವಿವರಿಸಿದರು. ಅವಳು ನಡುವೆ ಇಂಗ್ಲಿಷ್ ಹಾಕಿಕೊಂಡು ಪ್ರಶ್ನೆ ಕೇಳಿದಳು. ತಾತನ ಮುಂದೆ ಅವಳಿಗೆ ನಾಚಿಕೆಯಿಲ್ಲ.

ಆಗಸ್ಟಿನಲ್ಲಿ ತರಗತಿ ಶುರುವಾಯಿತು. ಫ್ರೆಂಚರು ತೊಂಬತ್ತೊಂಬತ್ತನ್ನು ‘ನಾಲ್ಕು ಇಪ್ಪತ್ತು ಹತ್ತು ಒಂಬತ್ತು’ ಎನ್ನುತ್ತಾರೆ ಎಂದು ಗೊತ್ತಾದ ದಿನ ಅಪ್ಪ ಕಾಗದ ತಗೊಂಡು ಬರೆದುಕೊಂಡರು. ಭಾನುವಾರದ ಶಾಲೆಗೆ ಇನ್ನೂ ಹೋಗುತ್ತಿದ್ದಾಳೆ. ಬಿಡುತ್ತೇನೆ ಎಂದಿಲ್ಲ, ನಾನೂ ಕೇಳಿಲ್ಲ. ಅಲ್ಲಿ ಬಾಯಿ ಬಿಡುತ್ತಾಳೋ ಇಲ್ಲವೋ ಗೊತ್ತಿಲ್ಲ.

ಕಳೆದ ವಾರ ಫ್ರೆಂಚಿನ ‘ತು’ ಮತ್ತು ‘ವೂ’ ಪಾಠವಾಯಿತಂತೆ. ‘ತು’ ನಮ್ಮ ನೀನು. ‘ವೂ’ ನಮ್ಮ ನೀವಿನ ಹಾಗೆಯೇ ಹಿರಿಯರಿಗೂ ಆಗುತ್ತದೆ, ಹಲವರಿಗೂ ಆಗುತ್ತದೆ. ಭಾನುವಾರದ ಮೇಡಂ ಆರು ವರ್ಷದಿಂದ ಇದನ್ನೇ ಹೇಳಿಕೊಡುತ್ತಿದ್ದಾರೆ. ತಾತನಿಗೆ ಫೋನ್ ಮಾಡಿ ಕೇಳಿದಳು, “ತಾತ, ನಿಂಗೆ ನಾನು ನೀವು ಅನ್ನಬೇಕಾ?”

“ಫ್ರಾನ್ಸಿನಲ್ಲಿ ತಾತನಿಗೆ ಏನಂತಾರೆ?” ಅಂದರು ಅಪ್ಪ.

“ಮನೆಯವರಿಗೆಲ್ಲ ತು ಅಂತಾರಂತೆ.”

“ಹಾಗಿದ್ರೆ ಅವರೂ ನಮ್ಮ ಕಡೆಯೋರೇ ಬಿಡು” ಅಂದು ಅಪ್ಪ ಕನ್ನಡಕ ಒರೆಸಿಕೊಂಡರು.