ಸಿನಿಮಾದೋರ ಮಾತು

ಪಾಂಡವಪುರದ ಟೀ ಅಂಗಡೀಲಿ ಈಗಷ್ಟೇ ಕಿವಿಗೆ ಬಿದ್ದ ಮಾತು: "ಸಿನಿಮಾದೋರ್ಗೆ ರಾಜಕೀಯ ಯಾಕಣ್ಣ ಬೇಕು?" ನಂಗೆ ಒಪ್ಪೋಕಾಗ್ಲಿಲ್ಲ. ಟೀ ಕುಡೀತಾ ನಾವೆಲ್ಲ ಸರ್ಕಾರನೇ ಬೀಳಿಸಿ ಎಬ್ಬಿಸ್ತೀವಿ, ನಟ ಮಾತ್ರ ಬಾಯಿ ಮುಚ್ಕೊಂಡಿರಬೇಕಾ? ಅವರಿಗೂ ಒಂದು ಓಟಿದೆ.

2019ರ ಮಂಡ್ಯ ಲೋಕಸಭೆ ಚುನಾವಣೆ ನೆನಪಿದೆಯಲ್ಲ? ನಟಿ ಸುಮಲತಾ ಅವರ ಪರ ದರ್ಶನ್, ಯಶ್ 'ಜೋಡೆತ್ತು' ಅಂತ ಊರೂರು ಸುತ್ತಿದ್ರು. ಎದುರಿಗಿದ್ದ ನಿಖಿಲ್ ಕೂಡ ನಟರೇ. ತೆರೆದ ವಾಹನ ಬಂತು ಅಂದ್ರೆ ಸಾಕು, ಸುತ್ತ ಎಲ್ಲಿ ನೋಡಿದ್ರೂ ಮೊಬೈಲ್ ಎತ್ತಿ ಹಿಡಿದ ಕೈಗಳು. ಶ್ರೀರಂಗಪಟ್ಟಣ, ಪಾಂಡವಪುರದ ವಿ.ಸಿ. ನಾಲೆಗೆ ನೀರು ಯಾವಾಗ, ಕೆ.ಆರ್. ಪೇಟೆ, ನಾಗಮಂಗಲದ ಕಡೆಗೆ ಹೇಮಾವತಿ ನೀರು ಎಷ್ಟು, ಕಬ್ಬಿನ ಬಾಕಿ ಕೊಡಿಸೋರು ಯಾರು ಅಂತ ಆ ಗದ್ದಲದಲ್ಲಿ ಕೇಳಿದೋರು ಕಮ್ಮಿ. ಅದನ್ನ ಕೇಳಬೇಕಾದೋರು ನಾವೇ ಅಲ್ವಾ?

ಆದ್ರೆ ಇದೇ ಮಂಡ್ಯದ ನಟ ಅಂಬರೀಶ್ 2007ರಲ್ಲಿ ಕಾವೇರಿ ನ್ಯಾಯಮಂಡಳಿ ತೀರ್ಪು ಬಂದಾಗ ಕೇಂದ್ರ ಮಂತ್ರಿಗಿರಿಗೇ ರಾಜೀನಾಮೆ ಕೊಟ್ರು. ರಾಜ್‌ಕುಮಾರ್ ಕನ್ನಡಕ್ಕಾಗಿ ಗೋಕಾಕ್ ಚಳವಳಿಗೆ ಇಳಿದು ಊರೂರು ಮಾತಾಡಿದ್ರು, ಒಂದು ಚುನಾವಣೆಗೂ ನಿಲ್ಲಲಿಲ್ಲ. ಒಬ್ರು ಕುರ್ಚಿ ಬಿಟ್ರು, ಇನ್ನೊಬ್ರು ಕುರ್ಚಿ ಕಡೆ ತಿರುಗಿ ನೋಡ್ಲಿಲ್ಲ. ಅಂಥೋರು ಬಾಯ್ಬಿಟ್ರೆ ನಿಂತು ಕೇಳಬೇಕು ಅನ್ಸುತ್ತೆ.

ನಾನಂತೂ ನಟ ಅಂತ ತಳ್ಳಿಹಾಕಲ್ಲ, ನಟ ಅಂತ ತಲೆ ಮೇಲೂ ಹೊತ್ಕೊಳ್ಳಲ್ಲ. ಮುಂದಿನ ಸಲ ಯಾರೇ ಸ್ಟಾರ್ ನಮ್ಮೂರಿಗೆ ಪ್ರಚಾರಕ್ಕೆ ಬಂದ್ರೂ ನಾಲೆ ನೀರಿನ ವಿಷಯ ಕೇಳೇ ಕೇಳ್ತೀನಿ. ನೀವಾಗಿದ್ರೆ ಏನು ಕೇಳ್ತೀರಿ?