ಮಾವಶಿಯ ಸೆರಗಿನ ಗಂಟು



ನಮ್ಮ ಕಿರುಚಿತ್ರಕ್ಕೆ ಎರಡನೇ ಬಹುಮಾನ ಬಂದ ಸುದ್ದಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕೈಕುಲುಕಿದ ಎಲ್ಲರಿಗೂ ಧನ್ಯವಾದ. ಆಮೇಲೆ ನಡೆದದ್ದನ್ನು ಮಾತ್ರ ನಾವು ಯಾರಿಗೂ ಹೇಳಿರಲಿಲ್ಲ. ಈಗ ಮಾವಶಿಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇವೆ.

ನಾವು ಐದು ಜನ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಕಾಲೇಜಿನ ಸ್ಪರ್ಧೆಗೆ ಹತ್ತು ನಿಮಿಷದೊಳಗಿನ ಚಿತ್ರ ಬೇಕಿತ್ತು. ಕಥೆಗಾಗಿ ತಲೆ ಕೆಡಿಸಿಕೊಂಡಿದ್ದಾಗ ಫಾದರ್ ಒಂದು ಮಾತು ನೆನಪಿಸಿದರು. ದಾದಾಸಾಹೇಬ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆಯುವ ಮುಂಚೆ ಮುಂಬೈಯಲ್ಲಿ ಕ್ರಿಸ್ತನ ಜೀವನದ ಮೂಕಿಚಿತ್ರ ನೋಡಿ, ನಮ್ಮ ಕಥೆಗಳನ್ನೂ ಹೀಗೆಯೇ ತೆರೆಗೆ ತರಬೇಕು ಎಂದುಕೊಂಡರಂತೆ. ‘ಅವರು ಅಲ್ಲಿಂದ ತಗೊಂಡರು, ನೀವೂ ಅಲ್ಲಿಂದಲೇ ತಗೊಳ್ಳಿ’ ಎಂದು ಫಾದರ್ ನಕ್ಕರು. ನಾವು ಲೂಕನ ಶುಭಸಂದೇಶದ 15ನೇ ಅಧ್ಯಾಯ ತೆರೆದೆವು. ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆಯೆಲ್ಲ ಗುಡಿಸಿ ಹುಡುಕುವ ಕಥೆ. ಬೆಳ್ಳಿ ಕಳೆದುಹೋಗುವ ಮನೆ ಹುಪರಿಯಲ್ಲಲ್ಲದೆ ಇನ್ನೆಲ್ಲಿ ಸಿಕ್ಕೀತು?

ಹುಪರಿ ಗೊತ್ತಿಲ್ಲದವರಿಗೆ ಎರಡು ಮಾತು. ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲ್ಲೂಕಿನ ಈ ಊರನ್ನು ಬೆಳ್ಳಿಯ ಕೆಲಸದಿಂದಾಗಿ ಚಂದೇರಿ ನಗರಿ ಎನ್ನುತ್ತಾರೆ. ಕಾಲ್ಗೆಜ್ಜೆ, ಅಂದರೆ ಮರಾಠಿಯ ಪೈಂಜಣ, ಇಲ್ಲಿಂದ ದೇಶಕ್ಕೆಲ್ಲ ಹೋಗುತ್ತದೆ. ಎಷ್ಟೋ ಕೆಲಸ ಮನೆಗಳಲ್ಲೇ ನಡೆಯುತ್ತದೆ. ವ್ಯಾಪಾರಿ ಬೆಳ್ಳಿಯ ಕೊಂಡಿ, ಘುಂಗ್ರುಗಳನ್ನು ತೂಗಿ ಕೊಡುತ್ತಾನೆ, ಹೆಂಗಸರು ಜೋಡಿಸಿ ಮರಳಿಸುತ್ತಾರೆ, ಮತ್ತೆ ತೂಕ. ಕೆಲಸದಲ್ಲಿ ಸವೆದು ಹೋಗುವುದಕ್ಕೂ ಒಂದು ಲೆಕ್ಕವಿದೆ. ಕೆಲಸದ ಜಾಗದ ಕಸವನ್ನೂ ಚೆಲ್ಲುವುದಿಲ್ಲ, ಅದನ್ನು ತೊಳೆದು ಬೆಳ್ಳಿ ತೆಗೆಯುವವರೇ ಬೇರೆ ಇದ್ದಾರೆ. ಇಷ್ಟು ಹೇಳಿದ್ದು ಯಾಕೆಂದರೆ, ಈ ಊರಿನಲ್ಲಿ ಒಬ್ಬ ಹೆಂಗಸಿನ ಹೆಸರು ನಿಂತಿರುವುದು ತಕ್ಕಡಿಯ ಮೇಲೆ. ನಮಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮರೆತೆವು.

ನಮ್ಮಲ್ಲೊಬ್ಬನ ಪಕ್ಕದ ಮನೆಯ ಮಾವಶಿ ತಮ್ಮ ಮನೆ ಬಿಟ್ಟುಕೊಟ್ಟರು, ತಾವೇ ನಟಿಸಲೂ ಒಪ್ಪಿದರು. ‘ನಾ ಏನ್ ಮಾಡ್ಲಿ?’ ಎಂದರೆ, ‘ದಿನಾ ಮಾಡೂದನ್ನ ಮಾಡ್ರಿ ಮಾವಶಿ’ ಎಂದೆವು.

ಶೂಟಿಂಗ್ ಎರಡು ದಿನ. ಬೆಳ್ಳಿಯನ್ನು ಚಿತ್ರಿಸುವುದು ಸುಲಭವಲ್ಲ. ಅದಕ್ಕೆ ತನ್ನದೆಂಬ ಬಣ್ಣವಿಲ್ಲ, ಎದುರಿಗೆ ಇದ್ದದ್ದನ್ನೇ ತೋರಿಸುತ್ತದೆ. ಮೊದಲ ದಿನದ ಹತ್ತಿರದ ದೃಶ್ಯಗಳಲ್ಲಿ ಪ್ರತಿ ಘುಂಗ್ರುವಿನ ಮೇಲೂ ಹಳದಿ ಬಲ್ಬು ಮತ್ತು ಫೋನ್ ಹಿಡಿದ ನಾವು! ಆಮೇಲೆ ಎರಡೂ ಬದಿಗೆ ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿ, ಬೆಳಕನ್ನು ಅದರ ಮೇಲೆ ಬೀಳಿಸಿದ ಮೇಲೆ ಬೆಳ್ಳಿ ಬೆಳ್ಳಿಯಂತೆ ಕಂಡಿತು. ಫೋನಿನ ತೆರೆಯನ್ನು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡುವುದನ್ನೂ ಅಲ್ಲೇ ಕಲಿತೆವು. ಧ್ವನಿಯ ಕಷ್ಟ ಮಾತ್ರ ಕೊನೆಯವರೆಗೂ ತೀರಲಿಲ್ಲ. ಹಿಂದಿನ ಮನೆಯಲ್ಲಿ ಪಾಲಿಶ್ ಮಾಡುವ ಡ್ರಮ್ಮು ಗರಗರ ತಿರುಗುತ್ತಲೇ ಇತ್ತು. ಕರೆಂಟು ಹೋದಾಗ ದೇವರನ್ನು ವಂದಿಸಿ ಮಾತಿನ ಭಾಗ ಮುಗಿಸಿದೆವು.

ಮೊದಲು ಬರೆದ ಕಥೆ ಸರಳವಾಗಿತ್ತು. ಜೋಡಿಸುವಾಗ ಒಂದು ತುಂಡು ಕಳೆಯುತ್ತದೆ. ಮಾವಶಿ ದೀಪ ಹಚ್ಚಿ ಗುಡಿಸುತ್ತಾರೆ. ಹೊಸ್ತಿಲ ಸಂದಿನಲ್ಲಿ ಸಿಗುತ್ತದೆ. ನೆರೆಯವರನ್ನು ಕರೆದು ಚಹಾ ಕೊಡುತ್ತಾರೆ. ಆದರೆ ಎಡಿಟಿಂಗಿಗೆ ಕೂತಾಗ ‘ಇದರಾಗ ಏನೂ ಇಲ್ಲ’ ಅನ್ನಿಸಿತು. ತೀರ್ಪುಗಾರರಿಗೆ ಒಂದು ತಿರುವು ಬೇಕಲ್ಲ? ನಮ್ಮ ಬಳಿ ಒಂದು ದೃಶ್ಯವಿತ್ತು: ಸಿಕ್ಕ ತುಂಡನ್ನು ಮಾವಶಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವುದು. ನಾವು ಹೇಳಿಕೊಟ್ಟದ್ದಲ್ಲ, ಅವರಾಗಿಯೇ ಮಾಡಿದ್ದು. ಅದರ ಹಿಂದೆ ವ್ಯಾಪಾರಿ ಮಜೂರಿ ಮುರಿದುಕೊಳ್ಳುವ ಮಾತು, ಮುಂದೆ ತಕ್ಕಡಿ, ಅದರ ಮುಂದೆ ಮಾವಶಿಯ ಮುಖ ಇಟ್ಟೆವು. ಮುಗಿಯಿತು, ಹುಡುಕುವ ಹೆಂಗಸು ಬಚ್ಚಿಡುವ ಹೆಂಗಸಾದಳು. ನಿಜ ಹೇಳಬೇಕೆಂದರೆ ಆ ಮುಖದ ದೃಶ್ಯ ತೆಗೆದಾಗ ಮಾವಶಿ ಒಲೆಯ ಮೇಲಿನ ಹಾಲನ್ನು ನೆನೆಯುತ್ತಿದ್ದರು.

ಸುಮಾರು ನೂರು ವರ್ಷಗಳ ಹಿಂದೆ ರಷ್ಯದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿ ತೋರಿಸಿದ್ದನ್ನು ತರಗತಿಯಲ್ಲಿ ಓದಿದ್ದೆವು. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತಂತೆ. ಪಾಠ ನಮಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಬಹುಮಾನದ ದಿನ ಕೊಲ್ಹಾಪುರದಲ್ಲಿ ಅಂಕಗಳ ಹಾಳೆ ಕೈಗೆ ಬಂತು. ಕಥೆ, ಛಾಯಾಗ್ರಹಣ, ಧ್ವನಿ, ಸಂಕಲನ. ಧ್ವನಿಗೆ ಕಡಿಮೆ, ಕಥೆಗೆ ಎಲ್ಲರಿಗಿಂತ ಹೆಚ್ಚು. ಕೊನೆಯಲ್ಲಿ ಕೈಬರಹದಲ್ಲಿ, ‘ಮುಕ್ತಾಯ ಬೆಚ್ಚಿಬೀಳಿಸುವಂತಿದೆ.’ ನಾವು ಅದರ ಫೋಟೊ ತೆಗೆದು ಸ್ಟೇಟಸ್ ಹಾಕಿದೆವು, ಚಿತ್ರವನ್ನೂ ಎಲ್ಲ ಗ್ರೂಪುಗಳಿಗೆ ಕಳಿಸಿದೆವು.

ಎಂಟು ದಿನ ಬಿಟ್ಟು ಪೇಢೆ ತೆಗೆದುಕೊಂಡು ಹುಪರಿಗೆ ಹೋದೆವು. ಮಾವಶಿ ಎಂದಿನಂತೆ ‘ಬರ್ರೀ’ ಎಂದರು, ಚಹಾ ಇಟ್ಟರು. ಪೇಢೆ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು:

‘ಶೇಠಜಿ ಏನೂ ಅನ್ಲಿಲ್ಲಪಾ. ಆದ್ರ ಮೊನ್ನೆ ಮಾಲು ಕೊಡಾಕ ಹೋದ್ರ ಎರಡ ಸಲ ತೂಗಿದ್ರು. ಇಪ್ಪತ್ತೆರಡ ವರ್ಷ ಆತು, ಎರಡ ಸಲ ತೂಗಿದ್ದು ಇದ ಮೊದಲ.’

ನಮಗೆ ತಲೆ ಎತ್ತಲಾಗಲಿಲ್ಲ. ‘ಅದು ಕಥಿ ರೀ ಮಾವಶಿ, ಸಿನಿಮಾ’ ಎಂದು ನಮ್ಮಲ್ಲೊಬ್ಬಳು ಅಂದಳು. ‘ಕಥಿ ಅಂತ ನನಗ ಗೊತ್ತೈತಿ. ಮನಿ ನಂದ, ಕೈ ನಂದ, ಸೆರಗೂ ನಂದ ಅಲ್ಲ?’ ಎಂದರು. ಮತ್ತೆ ಕೇಳಿದರು: ‘ನಾ ಗಂಟ ಯಾಕ ಹಾಕಿದೆ ಅಂತ ಯಾರರ ಕೇಳಿದ್ರ್ಯಾ? ಸಿಕ್ಕಿದ್ದು ಮತ್ತ ಕಳೀಬಾರದಂತ ಹಾಕೂದು. ತಕ್ಕಡಿ ಮುಂದ ನಿಂತ ಬಿಚ್ಚೂದು.’

ಮರಳಿ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಬಹುಮಾನದ ದಿನ ಕೇಳಿದ ಭಾಷಣ ನೆನಪಾಗುತ್ತಿತ್ತು. ಕೊಲ್ಹಾಪುರದ ಬಾಬುರಾವ್ ಪೇಂಟರ್ ಅವರು ದಾಮ್ಲೆಯವರ ನೆರವಿನಿಂದ ಕ್ಯಾಮೆರಾವನ್ನೇ ಸ್ವತಃ ತಯಾರಿಸಿ, ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿ, 1920ರಲ್ಲಿ ‘ಸೈರಂಧ್ರಿ’ ತಂದದ್ದನ್ನು ಭಾಷಣಕಾರರು ವಿವರಿಸಿದ್ದರು. ಅಂದು ನಮ್ಮ ಮನಸ್ಸಿನಲ್ಲಿ ಉಳಿದದ್ದು ಆ ಕ್ಯಾಮೆರಾ ಮಾತ್ರ. ಊರಿನಲ್ಲಿರುವ ಕ್ಯಾಮೆರಾ ಸ್ಮಾರಕದ ಮುಂದೆ ಸೆಲ್ಫಿಯನ್ನೂ ತೆಗೆದುಕೊಂಡಿದ್ದೆವು. ಅದೇ ಭಾಷಣದಲ್ಲಿ ಗುಲಾಬ್‌ಬಾಯಿ, ಅನಸೂಯಾಬಾಯಿ ಎಂಬ ಇಬ್ಬರು ಹೆಂಗಸರ ಹೆಸರೂ ಬಂದಿತ್ತು. ಆ ಚಿತ್ರದಲ್ಲಿ ನಟಿಸಿದ್ದಕ್ಕೆ ಅವರ ಸಮುದಾಯವೇ ಅವರನ್ನು ದೂರ ಮಾಡಿತು, ಸ್ಟುಡಿಯೋದಲ್ಲೇ ಉಳಿಯಬೇಕಾಯಿತು. ಚಿತ್ರ ತೆಗೆದವರಿಗೆ ಸ್ಮಾರಕ ಬಂತು. ಆ ಇಬ್ಬರ ಪಾಡು ನಮಗೆ ನೆನಪಾದದ್ದು ಮಾವಶಿಯ ಮನೆಯಿಂದ ಹೊರಬಿದ್ದ ಮೇಲೆ.

ಮುಂದಿನ ಭಾನುವಾರ ಮತ್ತೆ ಹೋದೆವು. ಕ್ಷಮೆ ಕೇಳಿದೆವು. ಹೊಸದಾಗಿ ಎಡಿಟ್ ಮಾಡಲು ಮಾವಶಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡೆವು. ‘ಇದು ಬ್ಯಾಡ, ಇದು ಇರ್ಲಿ’ ಎಂದು ಅವರೇ ಹೇಳುತ್ತ ಹೋದರು. ತಕ್ಕಡಿಯ ಮುಂದೆ ಗಂಟು ಬಿಚ್ಚುವ ದೃಶ್ಯವನ್ನು ಮತ್ತೆ ತೆಗೆದೆವು. ಶೇಠಜಿಯವರು ಮುಖ ತೋರಿಸಬಾರದೆಂಬ ಷರತ್ತಿನ ಮೇಲೆ ತಮ್ಮದೇ ತಕ್ಕಡಿ ಕೊಟ್ಟರು. ಹೊಸ ಚಿತ್ರವನ್ನು ಮಾವಶಿಯ ಅಂಗಳದಲ್ಲಿ ಬೆಡ್‌ಶೀಟ್ ಕಟ್ಟಿ ತೋರಿಸಿದೆವು. ಓಣಿಯವರೆಲ್ಲ ಬಂದಿದ್ದರು, ಚಹಾವನ್ನು ಮಾವಶಿಯೇ ಕೊಟ್ಟರು. ಹಿಂದಿನ ಮನೆಯ ಡ್ರಮ್ಮಿನ ಸದ್ದು ಬಂದಾಗ ಎಲ್ಲರೂ ನಕ್ಕರು. ಸ್ಪರ್ಧೆಯಲ್ಲಿ ಈ ಚಿತ್ರಕ್ಕೆ ಬಹುಮಾನ ಬರುತ್ತಿರಲಿಲ್ಲ ಎಂದು ನಮ್ಮಲ್ಲಿ ಇಬ್ಬರು ಈಗಲೂ ವಾದ ಮಾಡುತ್ತಾರೆ. ಇರಬಹುದು.

ಶೇಠಜಿಯವರು ಈಗ ಒಂದೇ ಸಲ ತೂಗುತ್ತಾರಂತೆ. ಆದರೆ ತೂಕದ ಅಂಕಿಯನ್ನು ಮಾವಶಿ ತಾವೇ ಗಟ್ಟಿಯಾಗಿ ಓದಿ ಹೇಳುತ್ತಾರಂತೆ. ಮೊದಲು ಹಾಗೆ ಮಾಡುತ್ತಿರಲಿಲ್ಲ.

ಹಳೆಯ ಚಿತ್ರವನ್ನು ನಾವು ಎಲ್ಲ ಕಡೆ ಅಳಿಸಿದೆವು. ಕಳೆದ ವಾರ ಗಡಹಿಂಗ್ಲಜದ ಸಂಬಂಧಿಕರೊಬ್ಬರಿಂದ ಅದು ನಮಗೇ ಫಾರ್ವರ್ಡ್ ಆಗಿ ಬಂತು. ಕೆಳಗೆ ಬರೆದಿದ್ದರು: ‘ಸೂಪರ್ ಕ್ಲೈಮ್ಯಾಕ್ಸ್, ತಪ್ಪದೆ ನೋಡಿ.’